ಕಾಗುಣಿತವಿಲ್ಲದ ಅಮ್ಮ

ತೆಕ್ಕಟ್ಟೆಯ ಗೋವರ್ಧನನ ಮನೆಯಲ್ಲಿ ಸತ್ತವರು ಬಂದು ಮಾತಾಡುತ್ತಾರೆ ಎಂಬುದನ್ನು ನಂಬದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಕಮಲ. ತೊಂಬತ್ತೇಳರ ಆಸಾಡಿ ತಿಂಗಳಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಆಮೇಲೆ ಒಂದು ಶುಕ್ರವಾರವೂ ತಪ್ಪಿಸದೆ ಬಂದು ಮಾತಾಡಿದವಳೂ ಅವಳೇ.

ಮುಂಬಯಿಗೆ ಹೋದವರು ಊರಿಗೆ ಬರುವಾಗ ಟೇಪ್ ರೆಕಾರ್ಡರ್ ತರುತ್ತಿದ್ದರು, ಕೆಲವರು ಗ್ಯಾಸ್ಟ್ರಿಕ್ ತರುತ್ತಿದ್ದರು. ಗೋವರ್ಧನ ಮುಂಬಯಿಯ ಫೋರ್ಟ್ ಬದಿಯ ಕ್ಯಾಂಟೀನಿನಲ್ಲಿ ಇದ್ದು, ಅಲ್ಲಿಯ ಕ್ಯಾಶಿಯರ್ ಒಬ್ಬನಿಂದ ಸತ್ತವರನ್ನು ಕರೆಯುವ ವಿದ್ಯೆ ಕಲಿತು ಬಂದ. ಹಳೆಯ ಕೇರಂ ಬೋರ್ಡನ್ನು ಬೋರಲು ಹಾಕಿ, ಹಿಂಬದಿಯಲ್ಲಿ ಪೇಂಟಿನಿಂದ ಅ ಇಂದ ಳ ತನಕ ಬರೆದ. ಕಾಗುಣಿತಕ್ಕೂ ಒತ್ತಕ್ಷರಕ್ಕೂ ಜಾಗ ಸಾಲಲಿಲ್ಲ. ಮೇಲೆ ಪೌಡರ್ ಉದುರಿಸಿ, ಸ್ಟ್ರೈಕರಿನ ಮೇಲೆ ಬೆರಳಿಟ್ಟು ಕರೆದರೆ ಆಯಿತು. ಸ್ಟ್ರೈಕರ್ ಅಕ್ಷರದಿಂದ ಅಕ್ಷರಕ್ಕೆ ಸರ್ರನೆ ಜಾರುತ್ತಿತ್ತು. ಹಗಲಿಗೆ ಐಸ್ ಪ್ಲಾಂಟಿನ ಕೆಲಸ, ಶುಕ್ರವಾರ ಸಂಜೆಗೆ ಇದು.

ಸತ್ತವರು ಇಳಿ, ಕೊಂಬು ಇಲ್ಲದೆ ಮಾತಾಡುವುದರಿಂದ ಅರ್ಥ ಮಾಡುವ ಹೊಣೆ ಬದುಕಿದ್ದವರದ್ದು. ನೆರೆಮನೆಯ ಪ್ರೇಮಾನಂದನ ದನ ಕಾಣೆಯಾದಾಗ ಬೋರ್ಡು ‘ಕ ರ ಡ’ ಎಂದಿತು. ‘ಕರಡಿ ತಿಂದಿತ್’ ಎಂದಳು ಗೋವರ್ಧನನ ತಂಗಿ ಜಲಜ. ಗಂಡನ ಮನೆಯಿಂದ ವಾಪಸು ಬಂದ ಮೇಲೆ ಅವಳಿಗೂ ಕನಸು, ಶಕುನ, ಹಲ್ಲಿನುಡಿ ಎಲ್ಲ ಶುರುವಾಗಿತ್ತು. ಮನೆಗೆ ನೆಂಟರು ಬಂದ ದಿನ ಮಾತ್ರ ಮೈಮೇಲೂ ಬರುತ್ತಿತ್ತು. ‘ಕರಡಿ ಅಲ್ಲ, ಕೆರಾಡಿ’ ಎಂದ ಗೋವರ್ಧನ. ಪ್ರೇಮಾನಂದ ಎರಡು ಬಸ್ಸು ಬದಲಾಯಿಸಿ ಕೆರಾಡಿಗೆ ಹೋಗಿ, ಕಾಡಿನ ಅಂಚೆಲ್ಲ ಅಲೆದು ಬಂದ. ದನ ಅವನದೇ ಮನೆಯ ಹಿಂದೆ, ಒಣಗಿದ ಕರಡದ ಹುಲ್ಲಿನ ರಾಶಿಯ ಆಚೆ ಮಲಗಿ ಮೆಲುಕು ಹಾಕುತ್ತಿತ್ತು. ‘ಕರಡ! ಸಮಾ ಹೇಳಿತ್ ಕಾಣಿ’ ಎಂದು ಊರೇ ಬೆರಗಾಯಿತು. ಆ ಬೋರ್ಡು ಸೋತದ್ದೇ ಇಲ್ಲ.

ಕಮಲ ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿ ಸಿದ್ದಾಪುರಕ್ಕೆ ಹೋಗಿ ಮೀನು ಮಾರಿ ಬರುವವಳು. ಶುಕ್ರವಾರ ಸಂಜೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: ‘ಹ್ವಾಯ್, ಏಳಿ ಕಾಂಬ. ನಿಮ್ಮ ಸತ್ತವ್ರಿಗೆ ಹಸಿವ್ ಇಲ್ಲೆ, ನಂಗಿತ್. ಗಂಜಿ ಆರಿ ಹೋತ್.’

ಗೋವರ್ಧನ ಏಳುತ್ತಿದ್ದ. ಪ್ರೇತಗಳೂ ಏಳುತ್ತಿದ್ದವು ಎಂದು ಕಾಣುತ್ತದೆ.

ಕಮಲ ತೀರಿಕೊಂಡಾಗ ಮಗಳು ಚಂದನಾಳಿಗೆ ಹತ್ತು ವರ್ಷ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲಿನ ಶುಕ್ರವಾರ ಅಪ್ಪಯ್ಯ ಬೋರ್ಡಿನ ಮುಂದೆ ಕೂತು, ‘ಕಮಲ, ಬಂದ್ಯಾ?’ ಎಂದ. ಸ್ಟ್ರೈಕರ್ ಅಲುಗಿತು. ಚಂದನಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ‘ಹೆಣ್ಣಿಗೆ ಎಂತ ಹೇಳ್ತೆ?’ ಎಂದು ಅಪ್ಪಯ್ಯ ಕೇಳಿದ. ‘ಓ ದ’ ಎಂದಿತು. ಓದು. ಅವತ್ತು ಆ ಮಗು ಉಂಡಿತು, ನಿದ್ದೆಯನ್ನೂ ಮಾಡಿತು. ಹೀಗೆ ನೋಡಿದರೆ ಗೋವರ್ಧನ ಮಾಡಿದ್ದು ತಪ್ಪು ಎಂದು ಹೇಳಲು ಬಾಯಿ ಬರುವುದಿಲ್ಲ.

ವಾರ ವಾರ ಅಮ್ಮ ಬಂದಳು. ಸತ್ತ ಮೇಲೆ ಅವಳ ನಾಲಗೆ ತುಂಬ ಸುಧಾರಿಸಿತ್ತು. ‘ಶುಭವಾಗಲಿ’ ಎಂದಳು. ‘ದೇವರಿದ್ದಾನೆ’ ಎಂದಳು. ಬದುಕಿದ್ದಾಗ ಬಂಗುಡೆ ರೇಟಿನ ವಿಷಯಕ್ಕೆ ಬಸ್ಸಿನ ಕಂಡಕ್ಟರನ ಏಳು ತಲೆಮಾರು ಜಾಲಾಡುತ್ತಿದ್ದವಳು ಈಗ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ ಮಾತಾಡಿದಳು. ಅಲ್ಲಿ ಒಳ್ಳೆಯವರ ಸಹವಾಸ ಆಗಿರಬಹುದು ಎಂದುಕೊಂಡಳು ಹುಡುಗಿ.

ತೊಂದರೆ ಶುರುವಾದದ್ದು ಹೈಸ್ಕೂಲಿನಲ್ಲಿ. ಪರೀಕ್ಷೆಯ ಹಾಲಿನಲ್ಲಿ ಕೂತು ‘ಹೆದರಬೇಡ’ ಎಂಬ ಅಮ್ಮನ ಮಾತು ನೆನಪು ಮಾಡಿಕೊಳ್ಳುವಾಗ ಚಂದನಾಳಿಗೆ ತಟ್ಟನೆ ಅನುಮಾನ ಬಂತು. ಮನೆಗೆ ಬಂದವಳೇ ಜಲಜತ್ತೆಯನ್ನು ಹಿಡಿದಳು.

‘ಅತ್ತೆ, ಹೆದ್ರಬೇಡ ಅಂದ್ ಅಮ್ಮ ಹೇಳಿದ್ದ್ ಬದ್ಕಿಪ್ಪತಿಗಾ, ಸತ್ತ್ ಮೇಲಾ?’

ಜಲಜತ್ತೆ ಮೀನಿನ ಹೊಟ್ಟೆ ಸೀಳುತ್ತಿದ್ದವಳು ಕತ್ತೆತ್ತಲಿಲ್ಲ. ‘ಎರಡೂ ಅವ್ಳೇ ಅಲ್ದಾ ಹೆಣೆ? ಯಾವಾಗ ಹೇಳ್ರೆ ಎಂತ?’

ಆ ದಿನದಿಂದ ಚಂದನಾ ಒಂದೊಂದೇ ಮಾತು ಹೆಕ್ಕಿ ನೋಡಿದಳು, ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ತಲೆ ಬಾಚುವಾಗ ಹೇಳಿದ್ದು, ಆಸ್ಪತ್ರೆಯಲ್ಲಿ ಕೈ ಹಿಡಿದು ಹೇಳಿದ್ದು: ಯಾವುದನ್ನು ಮುಟ್ಟಿದರೂ ಬೆರಳಿಗೆ ಬೋರ್ಡಿನ ಪೌಡರ್ ಹತ್ತುತ್ತಿತ್ತು. ಕೊನೆಗೆ ನಿಸ್ಸಂಶಯವಾಗಿ ಅಮ್ಮನದು ಎಂದು ಉಳಿದದ್ದು ಒಂದೇ, ಗಂಜಿಯ ಮಾತು. ತನ್ನನ್ನು ತಾನೇ ಬೈದುಕೊಳ್ಳುವುದು ಬೋರ್ಡಿಗೆ ಬರುತ್ತಿರಲಿಲ್ಲ. ಹಾಗಾಗಿ ಅದು ಅಮ್ಮನೇ ಹೇಳಿದ್ದು. ಅದನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ. ಮುಂದೆ ಬ್ರಹ್ಮಾವರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ, ಬೆಳಿಗ್ಗೆ ಬಸ್ಸು ಸಾಲಿಗ್ರಾಮ ದಾಟುವಾಗ ಕಿಟಕಿಗೆ ತಲೆ ಆನಿಸಿ ಒಮ್ಮೆ ಒಳಗೊಳಗೇ ಕೇಳಿಸಿಕೊಳ್ಳುತ್ತಿದ್ದಳು: ಹ್ವಾಯ್, ಏಳಿ ಕಾಂಬ. ಅಮ್ಮನ ದನಿ, ಕೂಗಿ ಕೂಗಿ ಒಡೆದ ದನಿ, ಅಷ್ಟು ಮಾತಿನ ಮಟ್ಟಿಗೆ ಸರಿಯಾಗಿ ಕೇಳುತ್ತಿತ್ತು.

ಎರಡು ಸಾವಿರದ ಹತ್ತರಲ್ಲಿ ಗೋವರ್ಧನನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಬದಿಗೆ ಎಳೆದುಕೊಂಡಿತು. ಎಡಗೈ ಬೆರಳನ್ನು ಸ್ಟ್ರೈಕರಿನ ಮೇಲೆ ಇಟ್ಟು ಶುಕ್ರವಾರ ಕರೆದ, ಸ್ಟ್ರೈಕರ್ ಕದಲಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಜಲಜತ್ತೆ ತಾನು ನೋಡುತ್ತೇನೆಂದು ಬೆರಳಿಟ್ಟಳು. ಸ್ಟ್ರೈಕರ್ ಕಟ್ಟು ಬಿಚ್ಚಿದ ಕರುವಿನಂತೆ ಬೋರ್ಡೆಲ್ಲ ಓಡಿತು. ಗೋವರ್ಧನ ತಲೆಯಾಡಿಸಿದ. ‘ಇದ್ ಕಮಲ ಅಲ್ಲ. ನೀನೇ.’

‘ಹಾಂಗಾರೆ ಇಷ್ಟ್ ವರ್ಷ ಬಂದದ್ದ್ ಯಾರ್?’ ಎಂದು ಜಲಜತ್ತೆ ಸಿಟ್ಟಿನಲ್ಲಿ ಎದ್ದುಹೋದಳು.

ಅವನು ಊಟ ಬಿಟ್ಟ. ಕೈ ಹೋದದ್ದಕ್ಕಲ್ಲ. ‘ಅವ್ಳಿಗೆ ನನ್ನ್ ಮೇಲೆ ಸಿಟ್ಟ್. ಅವ್ಳ್ ಬರ್ಲಿ, ಮತ್ತೆ ಉಂಬ’ ಎಂದ. ಡಾಕ್ಟರು ಬೈದರು. ಚಂದನಾ ಅಂಗಡಿಯಿಂದ ತಂದ ಹಸಿವಿನ ಟಾನಿಕ್ಕು ಬಾಟಲಿಯಲ್ಲೇ ಉಳಿಯಿತು. ಚಮಚ ಬಾಯಿಯ ಹತ್ತಿರ ಹೋದರೆ ಅವನು ಮುಖ ತಿರುಗಿಸುತ್ತಿದ್ದ. ಕುತ್ತಿಗೆಯ ಎಲುಬು ಎದ್ದು ಕಾಣತೊಡಗಿತು.

ಹೀಗಿರುವಾಗ ಒಂದು ಶುಕ್ರವಾರ ಚಂದನಾ ಕೆಲಸ ಮುಗಿಸಿ ಬರುವಾಗ ದೀಪ ಹಚ್ಚುವ ಹೊತ್ತು. ಮಂಚದ ಪಕ್ಕ ಬಟ್ಟಲಲ್ಲಿ ಮಧ್ಯಾಹ್ನದ ಗಂಜಿ ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು. ಅವಳು ಕೈಕಾಲು ತೊಳೆಯದೆ ಬೋರ್ಡನ್ನು ಎಳೆದು ಅಪ್ಪಯ್ಯನ ಮುಂದಿಟ್ಟಳು. ಜೀವಮಾನದಲ್ಲಿ ಮೊದಲ ಸಲ ತಾನೇ ಬೆರಳಿಟ್ಟಳು. ಜಲಜತ್ತೆ ಬಾಗಿಲಲ್ಲಿ ಬಂದು ನಿಂತಳು.

‘ಕಮಲ,’ ಎಂದ ಗೋವರ್ಧನ, ‘ಬಂದ್ಯಾ?’

‘ಶುಭವಾಗಲಿ’ ಎನ್ನಿಸಬಹುದಿತ್ತು. ಆ ದಾರಿ ಸ್ಟ್ರೈಕರಿಗೇ ಬಾಯಿಪಾಠ. ಆದರೆ ಅಪ್ಪಯ್ಯ ಕಾಯುತ್ತಿದ್ದದ್ದು ಆ ಕಮಲಳನ್ನಲ್ಲ. ಅವಳ ಮಾತಿಗೆ ಅವನು ಬಾಯಿ ತೆರೆಯುತ್ತಿರಲಿಲ್ಲ. ಬಾಯಿ ತೆರೆಸುವ ಮಾತು ಒಂದೇ ಇತ್ತು. ಚಂದನಾಳ ಬೆರಳು ಸ್ವಲ್ಪ ಹೊತ್ತು ಬೋರ್ಡಿನ ನಡುವೆ ನಿಂತಿತು. ಮತ್ತೆ ಸರಿಯಿತು.

ಗ.

ಜ.

‘ಗಜ!’ ಎಂದಳು ಜಲಜತ್ತೆ, ಎರಡೂ ಕೈ ಮುಗಿದು. ‘ಆನೆ! ಆನೆಗುಡ್ಡೆ ದೇವ್ರ್ ಹರ್ಕಿ ಬಾಕಿ ಇತ್, ನಾ ಹೇಳ್ಲಿಲ್ಯಾ?’

ಗೋವರ್ಧನ ಅಕ್ಷರಗಳನ್ನೇ ನೋಡುತ್ತಿದ್ದ. ಅವನ ಮುಖದ ಸರಿಯಿದ್ದ ಅರ್ಧ ಮೆಲ್ಲಗೆ ಅದುರಿತು.

‘ಆನೆ ಅಲ್ಲ ಜಲಜ,’ ಎಂದ. ‘ಗಂಜಿ. ಆರಿ ಹೋತ್ ಅಂಬುದ್.’ ಆಮೇಲೆ ನಕ್ಕ; ಅರ್ಧ ಬಾಯಿಯ ನಗು, ಕಣ್ಣು ಎರಡೂ ಒದ್ದೆ. ‘ಇವತ್ತ್ ಬಂದ್ಳ್ ಕಾಣ್. ಇವತ್ತ್ ಬಂದದ್ದ್ ಅವ್ಳೇ.’

ಇವತ್ತು ಬಂದದ್ದು ಅವಳಾದರೆ ಉಳಿದ ಶುಕ್ರವಾರಗಳದ್ದು ಏನು ಎಂದು ಕೇಳಲು ಚಂದನಾಳ ನಾಲಗೆಯ ತುದಿಗೆ ಬಂತು. ‘ಅಪ್ಪಯ್ಯ…’ ಎಂದಳು. ಅವನು ಬಾಯಿ ತೆರೆದ. ಉತ್ತರಕ್ಕಲ್ಲ, ಗಂಜಿಗೆ. ಅವಳು ಬಟ್ಟಲು ಎತ್ತಿಕೊಂಡಳು. ಬಿಸಿ ಮಾಡಿ ತರುತ್ತೇನೆಂದರೆ ಬೇಡವೆಂದು ಕಣ್ಣಲ್ಲೇ ಹೇಳಿದ. ಆರಿದ್ದನ್ನೇ ಪೂರ್ತಿ ಉಂಡ.

ಇನ್ನೊಂದು ಮಳೆಗಾಲ ಅವನು ಉಳಿದ. ಅವನ ಬೊಜ್ಜದ ಊಟಕ್ಕೆ ಕೂತ ಪಂಕ್ತಿ ಪಂಕ್ತಿಗೂ ಜಲಜತ್ತೆ ಆ ಶುಕ್ರವಾರದ ಕತೆ ಬಡಿಸಿದಳು. ಗಜದ ಸುದ್ದಿ ಅದರಲ್ಲಿ ಇರಲಿಲ್ಲ. ‘ಅತ್ತಿಗೆ ಸಾಕ್ಷಾತ್ ಬಂದ್ ಹೇಳ್ಳ್ ಮರಾಯ್ರೆ: ಹ್ವಾಯ್, ಏಳಿ ಕಾಂಬ, ಗಂಜಿ ಆರಿ ಹೋತ್!’ ಜನ ರೋಮಾಂಚನಗೊಂಡರು, ಪಾಯಸವನ್ನೂ ಬೇಡವೆನ್ನಲಿಲ್ಲ. ಪ್ರೇಮಾನಂದ ಬೀಡಿ ಹಚ್ಚಿ ಅದನ್ನೇ ಇನ್ನೊಬ್ಬನಿಗೆ ಹೇಳಿದ. ಮಕ್ಕಳು ಅಂಗಳದಲ್ಲಿ ಅದನ್ನೇ ಕೂಗಿ ಆಡಿದರು.

ಚಂದನಾ ಮತ್ತೆ ಕೆಲಸಕ್ಕೆ ಹೊರಟ ದಿನ ಬಸ್ಸು ಸಾಲಿಗ್ರಾಮ ದಾಟಿತು. ಅಭ್ಯಾಸದ ಹಾಗೆ ಕಿಟಕಿಗೆ ತಲೆ ಆನಿಸಿದಳು. ಮಾತು ಬಂತು, ಒಂದಕ್ಷರ ತಪ್ಪದೆ ಬಂತು. ಬಂದದ್ದು ಜಲಜತ್ತೆಯ ದನಿಯಲ್ಲಿ. ಕಣ್ಣು ಮುಚ್ಚಿ ಇನ್ನೊಮ್ಮೆ ಹುಡುಕಿದಳು. ಈ ಸಲ ದನಿಯೇ ಇರಲಿಲ್ಲ. ಪೌಡರಿನ ಮೇಲೆ ಸ್ಟ್ರೈಕರ್ ಸರಿಯುವ ಸದ್ದು, ಅದರ ಮೇಲೆ ತನ್ನದೇ ಬೆರಳು.

‘ಬ್ರಹ್ಮಾವರ, ಬ್ರಹ್ಮಾವರ’ ಎಂದು ಕಂಡಕ್ಟರ್ ಕೂಗಿದ. ‘ಹ್ವಾಯ್, ಏಳಿ ಕಾಂಬ ಅಕ್ಕ, ಇಳುಕಿಲ್ಯಾ?’

ಅವಳು ಎದ್ದಳು.