ಹಗೇವಿನ ಮೇಲಿನ ಎಡೆ

ನಮ್ಮ ಹಿರಿಮನೆಯ ಅಂಗಳದಲ್ಲಿ ಆಳುದ್ದದ ಒಂದು ಚಪ್ಪಡಿ ಕಲ್ಲಿತ್ತು. ಅದನ್ನು ಯಾರೂ ತುಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಯಾಡುತ್ತ ಒಮ್ಮೆ ನನ್ನ ಕಾಲು ಅದರ ಮೇಲೆ ಬಿದ್ದದ್ದಕ್ಕೆ ದೊಡ್ಡಮ್ಮ ಕೊಟ್ಟ ಪೆಟ್ಟು ಇನ್ನೂ ನೆನಪಿದೆ. ಕಲ್ಲಿನ ಕೆಳಗಿದ್ದದ್ದು ಹಗೇವು, ಅಂದರೆ ಹಿಂದಿನವರು ರಾಗಿ ತುಂಬಿಡಲು ತೋಡಿದ ಆಳದ ಗುಂಡಿ. ನಮ್ಮ ಮುತ್ತಜ್ಜನ ತಂದೆ ಮರೀಗೌಡ ಅದರೊಳಗೇ ಮಲಗಿದ್ದಾನೆಂದು ಮನೆಯವರ ನಂಬಿಕೆ. ಈಶ್ವರ ಸಂವತ್ಸರದ ದೊಡ್ಡ ಬರದಲ್ಲಿ ಊರಿಗೆ ರಾಗಿ ಹಂಚಲು ತಾನೇ ಗುಂಡಿಗಿಳಿದು, ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸತ್ತನಂತೆ. ಹಿರಿಯರ ಹಬ್ಬದಲ್ಲಿ ಆ ಕಲ್ಲಿನ ಮೇಲೇ ಎಡೆಯಿಟ್ಟು ಅವನ ಹೆಸರು ಕೂಗುತ್ತಿದ್ದೆವು. ಮೂವತ್ತು ವರ್ಷ ಇತಿಹಾಸದ ಪಾಠ ಮಾಡಿದ ನಾನು ಈ ಕತೆಯನ್ನು ಎಷ್ಟು ತರಗತಿಗಳಲ್ಲಿ ಹೇಳಿ ಬೀಗಿದ್ದೆನೋ!

ನಾನು ನಿವೃತ್ತಳಾದ ವರ್ಷ ದೊಡ್ಡಪ್ಪನ ಮಗ ಚೆಲುವೇಗೌಡ ಆ ಚಪ್ಪಡಿಯ ಮೇಲೆ ಕಟ್ಟೆ ಕಟ್ಟಿಸಿ ಶಾಸನದಂಥ ಕಲ್ಲು ನೆಡಿಸಲು ಹೊರಟ. ಅವನು ಮೈಕು ಕಂಡರೆ ಬಿಡುವವನಲ್ಲ. ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು.

"ಅಕ್ಕ, ಮರೀಗೌಡ್ರ ಚರಿತ್ರೆ ಚೆನ್ನಾಗಿ ಹುಡುಕಿ ನಾಲ್ಕು ಸಾಲು ಬರ್ಕೊಡು. ಓದಿದೋರ ಕಣ್ಣಲ್ಲಿ ನೀರು ಬರ್ಬೇಕು" ಎಂದ.

ಮಾರನೆಯ ದಿನ ಕೇರಿಯ ಬೋರಮ್ಮ ನನ್ನ ಬಾಗಿಲಿಗೆ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಪ್ರತಿ ಹಬ್ಬಕ್ಕೂ ನಮ್ಮ ಅಂಗಳದ ಬೇಲಿಯಾಚೆ ಬಂದು ನಿಲ್ಲುತ್ತಿದ್ದಳು. ಎಡೆಯಲ್ಲಿ ಉಳಿದದ್ದಕ್ಕಾಗಿ ಬರುತ್ತಾಳೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಕೊಟ್ಟದ್ದನ್ನು ಎಂದೂ ಮುಟ್ಟುತ್ತಿರಲಿಲ್ಲ. ಅದೇಕೆಂದು ನಮ್ಮಲ್ಲೊಬ್ಬರೂ ಕೇಳಿರಲಿಲ್ಲ.

"ಕಟ್ಟೆ ಕಟ್ಟೋಕೆ ಮುಂಚೆ ಆ ಚಪ್ಡಿ ಒಂದ್ಸಾರಿ ಎತ್ತಿಸಿಕೊಡು ಮೇಷ್ಟ್ರಮ್ಮ. ಸಿಮೆಂಟು ಬಿದ್ ಮ್ಯಾಲೆ ಇನ್ನಾಗಾಕಿಲ್ಲ."

"ಯಾಕೆ ಬೋರಮ್ಮ?"

"ಹುಡುಕ್ತಾ ಇದ್ದೀಯಂತಲ್ಲ, ಹುಡುಕು. ಆಮ್ಯಾಕ್ ಹೇಳ್ತೀನಿ" ಎಂದು ಹೊರಟೇಬಿಟ್ಟಳು.

ಹುಡುಕಿದೆ. ದೊಡ್ಡಮ್ಮನ ಮರದ ಪೆಟ್ಟಿಗೆಯಲ್ಲಿ, ಮದುವೆಯ ಸೀರೆಗಳ ಅಡಿಯಲ್ಲಿ, ಅರಿಶಿನ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪಾಲುಪಟ್ಟಿ ಸಿಕ್ಕಿತು. ಮರೀಗೌಡ ತನ್ನ ಮೂವರು ಗಂಡುಮಕ್ಕಳಿಗೆ ಹೊಲ, ಎತ್ತು, ಆಲೆಮನೆಯ ಕೊಪ್ಪರಿಗೆ ಎಲ್ಲವನ್ನೂ ಪಾಲು ಮಾಡಿಕೊಟ್ಟ ಪತ್ರ. ಕೆಳಗೆ ಅವನ ರುಜುವಿನ ಜಾಗದಲ್ಲಿ, ಓದು ಬಾರದ ರೈತರು ಆಗ ಹಾಕುತ್ತಿದ್ದಂತೆ, ಪುಟ್ಟದೊಂದು ನೇಗಿಲ ಚಿತ್ರ. ಸಂತೋಷದಿಂದ ಅದನ್ನು ಸವರಿದೆ. ಆಮೇಲೆ ಮೇಲಿನ ಸಾಲು ಓದಿದೆ: ಸರ್ವಜಿತು ಸಂವತ್ಸರ. ಬಹುಧಾನ್ಯ, ಪ್ರಮಾಥಿ, ವಿಕ್ರಮ ಎಂದು ಬೆರಳು ಮಡಿಸುತ್ತ ಎಣಿಸಿದೆ. ಈಶ್ವರ ಕಳೆದು ಹತ್ತು ವರ್ಷ! ಬರದಲ್ಲಿ ಹಗೇವಿನೊಳಗೆ ಸತ್ತವನು ಹತ್ತು ವರ್ಷದ ನಂತರ ನೇಗಿಲು ಬರೆದಿದ್ದ.

ಹಾಗಾದರೆ ಚಪ್ಪಡಿಯ ಕೆಳಗಿದ್ದದ್ದು ಯಾರು? ಸಂಜೆಯವರೆಗೂ ಕಾಯಲಾಗಲಿಲ್ಲ. ಬಿಸಿಲಲ್ಲೇ ಕೇರಿಗೆ ಹೋದೆ. ಬೋರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಅವಳಿಗೇನೂ ಆಶ್ಚರ್ಯವಾಗಲಿಲ್ಲ.

"ಒಳಗಿರೋನು ನಮ್ಮ ದ್ಯಾವಣ್ಣ. ನಮ್ಮ ಮುತ್ತಾತ, ನಿಮ್ಮನೇ ಆಳು. ಹಗೇವು ತೆಗುದ್ರೆ ಎರಡು ದಿನ ಗಾಳಿಯಾಡೋಕೆ ಬಿಡ್ಬೇಕು. ಬಿಟ್ರೆ ಹಸಿದಿರೋ ಊರು ನೋಡ್ತದಲ್ಲ? ಅದುಕ್ಕೆ ಊರೆಲ್ಲ ಸರ್ಕಾರದ ಗಂಜಿಗೆ ಹೋಗಿರೋ ಹೊತ್ತು ನೋಡಿ ತೆಗ್ಸಿ, ಆಗಿಂದಾಗ್ಲೇ ಇಳ್ಸುದ್ರು. ಇಳಿದೋನು ಮಾತಾಡ್ತಾನೇ ಇರ್ಬೇಕು, ಮಾತು ನಿಂತ್ರೆ ಮ್ಯಾಲಿರೋರು ಹಗ್ಗ ಎಳೀಬೇಕು. ಮಾತು ನಿಂತೋಯ್ತು. ಅದೇ ಗಳಿಗೇಲಿ ಬಾಗ್ಲು ತಾವು ಯಾರೋ ಕೂಗುದ್ರು. ಮರೀಗೌಡ್ರು ಹಗ್ಗ ಎಳೀಲಿಲ್ಲ. ಚಪ್ಡಿ ಎಳುದ್ರು."

"ಇದನ್ನು ಕಂಡವರು ಯಾರು?"

"ನಮ್ಮ ಮುತ್ತವ್ವ. ಮೊರ ಹಿಡ್ಕಂಡು ಅಲ್ಲೇ ನಿಂತಿದ್ಲು. ಬಾಯಿ ಮುಚ್ಚು ಅಂದ್ರು. ಹೊಟ್ಟೇಲಿ ಮಗ ಇತ್ತು, ಮುಚ್ಚುದ್ಲು." ಬೋರಮ್ಮ ಇನ್ನೊಂದು ಕಾಯಿ ಸುಲಿದಳು. "ಆಮ್ಯಾಕೆ ಗೌಡ್ರು ಹಿತ್ಲ ಹಗೇವು ತೆಗ್ಸಿ ಊರಿಗೆಲ್ಲ ರಾಗಿ ಹಂಚುದ್ರು. ಅದು ಸುಳ್ಳಲ್ಲ. ಆ ಕಲ್ಲಿಗೆ ಎಡೆ ಇಡೋಕೆ ಸುರು ಮಾಡಿದ್ದೂ ಅವರೇ. ಬಾಯಿ ಬಿಟ್ಟು ಹೆಸ್ರು ಮಾತ್ರ ಕೂಗ್ತಿರ್ನಿಲ್ಲವಂತೆ. ಅವರು ಸತ್ ಮ್ಯಾಲೆ ಮಕ್ಕಳು ಅಪ್ಪಂಗೇ ಅನ್ಕಂಡು ಕೂಗುದ್ರು. ಬರ್ತಾ ಬರ್ತಾ ಒಳಗಿರೋರೂ ಅವರೇ ಅಂತಾಯ್ತು. ನೀವು ಮರೀಗೌಡ ಅಂತೀರಿ, ನಾವು ಬೇಲಿ ತಾವು ನಿಂತು ಮನಸಲ್ಲೇ ದ್ಯಾವಣ್ಣ ಅಂದ್ಕತೀವಿ. ಅವನ ಮೂಳೆ ಕೊಟ್ಬುಡಿ ತಾಯಿ. ಮಣ್ಣು ಮಾಡ್ಕತೀವಿ."

ಆ ದಿನ ನೇರ ಹಿರಿಮನೆಗೆ ಹೋಗಿ ನಾನು ಆ ಚಪ್ಪಡಿಯ ಮುಂದೆ ನಿಂತೆ. ತುಳಿಯಬಾರದೆಂದು ಪೆಟ್ಟು ತಿಂದು ಕಲಿತ ಕಲ್ಲು. ಎಷ್ಟು ಹಬ್ಬಗಳಲ್ಲಿ ಅದರ ಮೇಲೆ ಎಲೆ ಹಾಸಿ, ಒಳಗಿದ್ದವನನ್ನು ಅವನ ಮೇಲೆ ಕಲ್ಲೆಳೆದವನ ಹೆಸರಿನಿಂದ ಕರೆದಿದ್ದೆವು! ನನಗೆ ನಾಚಿಕೆಯಾಯಿತು. ಎಲ್ಲ ಹೇಳಿದಾಗ ಚೆಲುವೇಗೌಡನಿಗೆ ಬಂದದ್ದು ಸಿಟ್ಟು.

"ಕೇರಿಯೋರ ಮಾತು ಕಟ್ಕೊಂಡು ಮನೆತನದ ಮಾನ ಕಳೀತೀಯಾ? ನಾವೇನು ಕೊಲೆಗಾರರಾ?"

"ಕೊಲೆ ಅಂತ ನಾನು ಅನ್ನಲಿಲ್ಲವಲ್ಲ ಚೆಲುವ." ಕುಂಬಳಕಾಯಿ ಕಳ್ಳ ಅಂದರೆ ಇವನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು? ಪಾಲುಪಟ್ಟಿಯನ್ನು ಅವನ ಮುಂದಿಟ್ಟೆ. "ಕಟ್ಟೆ ಕಟ್ಟಿಸು. ಆದರೆ ಆ ನಾಲ್ಕು ಸಾಲು ನಾನು ಬರೆಯುವುದಿಲ್ಲ. ಎಡೆ ಇಡಲು ಶುರು ಮಾಡಿದವರು ಮರೀಗೌಡರೇ. ಅವರು ಬಾಯಿಬಿಟ್ಟು ಹೇಳಲಾರದ್ದನ್ನು ನಾವಾದರೂ ಹೇಳಬೇಕೋ ಬೇಡವೋ, ನೀನೇ ನೋಡು."

ಅವನು ಪತ್ರವನ್ನು ಕೈಗೆತ್ತಿಕೊಂಡು ಆ ನೇಗಿಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹೋದ. ಐದು ದಿನ ನನ್ನ ಮನೆಯ ಕಡೆ ತಲೆಹಾಕಲಿಲ್ಲ. ಆರನೆಯ ದಿನ ಗಾರೆಯವರ ಕೈಯಲ್ಲಿ ಚಪ್ಪಡಿ ಎತ್ತಿಸಿದನೆಂದು ಸುದ್ದಿ ಬಂತು.

ಎರಡು ದಿನ ಹಗೇವನ್ನು ತೆರೆದೇ ಬಿಟ್ಟೆವು. ಮೂರನೆಯ ಬೆಳಿಗ್ಗೆ ಕುಡಿಕೆಯಲ್ಲಿ ದೀಪವಿಟ್ಟು ಇಳಿಸಿದರು. ಅದು ಉರಿಯುತ್ತಲೇ ಮೇಲೆ ಬಂತು. ಬೋರಮ್ಮ ಮೊದಲ ಬಾರಿಗೆ ಬೇಲಿ ದಾಟಿ ಒಳಗೆ ಬಂದಿದ್ದಳು. ಜೊತೆಗೆ ಇಬ್ಬರು ಗಂಡುಮಕ್ಕಳು. ಚೆಲುವೇಗೌಡ ವಾಡಿಕೆಯಂತೆ ಅವರ ಕಡೆ ನೋಡಿ, "ಇಳೀರಪ್ಪ" ಎಂದ.

"ನಮ್ಮೋರು ಇಳಿಯಾಕಿಲ್ಲ" ಎಂದಳು ಬೋರಮ್ಮ. "ಅವತ್ತೂ ನಮ್ಮೋರೇ ಇಳಿದಿದ್ದು."

ಚೆಲುವೇಗೌಡನ ಮುಖ ಕೆಂಪೇರಿತು, ಆಮೇಲೆ ಬಿಳುಚಿತು. ಅವನು ಇಸ್ತ್ರಿಯ ಶರ್ಟು ಬಿಚ್ಚಿ ನನ್ನ ಕೈಗಿತ್ತ. ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಬೋರಮ್ಮನ ಮಕ್ಕಳು ಹಗ್ಗ ಹಿಡಿದರು.

"ಮಾತಾಡ್ತಾ ಇರಿ ಗೌಡ್ರೆ" ಎಂದ ಹಿರಿಯ ಮಗ. "ಮಾತು ನಿಂತ್ರೆ ಎಳ್ದುಬುಡ್ತೀವಿ."

ಸಭೆಗಳಲ್ಲಿ ನಿಲ್ಲಿಸಲಾಗದಂತೆ ಮಾತಾಡುತ್ತಿದ್ದವನಿಗೆ ಆ ಗುಂಡಿಯಲ್ಲಿ ಏನು ಮಾತಾಡಬೇಕೆಂದೇ ತೋಚಲಿಲ್ಲ. "ಇಳೀತಿದ್ದೀನಿ... ಇಳೀತಿದ್ದೀನಿ" ಎಂದ. ಕಾಲು ನೆಲ ಮುಟ್ಟಿತೆಂದ. ಆಮೇಲೆ ಸುಮ್ಮನಾದ. ಹಗ್ಗ ಬಿಗಿಯಾಯಿತು. ನಾನು "ಚೆಲುವಾ!" ಎಂದು ಕೂಗಿದೆ.

ಕೆಳಗಿನಿಂದ ಅಳುವಿನಲ್ಲಿ ನೆನೆದ ದನಿಯೊಂದು ಬಂತು.

"ದ್ಯಾವಣ್ಣ..."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ದ್ಯಾವಣ್ಣ..."

ಬೋರಮ್ಮ ಗುಂಡಿಯ ಅಂಚಿನಲ್ಲಿ ಕೂತು, ಮಡಿಲಿಗೆ ಸೆರಗು ಹಾಸಿಕೊಂಡಳು. ಅವನು ಕರೆದಾಗಲೆಲ್ಲ, ಮೇಲಿನಿಂದ ಅವಳು "ಓ" ಎನ್ನುತ್ತಿದ್ದಳು.