ಪುಕ್ಕಟೆ ಖರ್ಜೂರ

"ಕೈ ಚಾಚಿ, ಕೈ ಚಾಚಿ, ಬಾಂಗ್ ಕೂಗೋ ಹೊತ್ತಾಯ್ತು!" ಎನ್ನುತ್ತ ಬದ್ರಿಯಾ ಸಿಗ್ನಲ್ಲಿನಲ್ಲಿ ನಿಂತ ಕಾರುಗಳ ನಡುವೆ ನುಗ್ಗಿದಳು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಮನೆ ಮುಟ್ಟಲಾಗದವರಿಗೆ ಕೈರೋದ ಬೀದಿಯವರೇ ಖರ್ಜೂರ, ನೀರು ಕೊಡುತ್ತಾರೆ. ಕೊಟ್ಟವರ ಮುಖವನ್ನು ಯಾರೂ ನೋಡುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಬದ್ರಿಯಾ ಊರವರ ಮೆಟ್ಟಿಲು ತೊಳೆದು ಗಳಿಸಿದ್ದರಲ್ಲೇ ಖರ್ಜೂರ ಕೊಂಡಿದ್ದಳು. ಪುಣ್ಯ ಬಂದರೆ ಬರಲಿ, ಅವಳು ಕಾಯುತ್ತಿದ್ದದ್ದು ಒಂದು ಬಿಳಿ ಕಾರನ್ನು.

ಚಳಿಗಾಲದಲ್ಲಿ ಟೈಲ್ಸ್ ವ್ಯಾಪಾರಿ ಹಾಜಿ ಶೌಕಿ ಬಡವರಿಗೆ ಕಂಬಳಿ ಹಂಚಿದ್ದ. ಬದ್ರಿಯಾ ಜ್ವರದಿಂದ ಮಲಗಿದ್ದಳು, ಮಗಳು ನಜಾತ್ ಹೋಗಿದ್ದಳು. "ಮುಖ ಎತ್ತಮ್ಮಾ. ಕಂಬಳಿ ಕಾಣೋ ಹಾಗೆ ಹಿಡಿ. ಸ್ವಲ್ಪ ನಗು," ಎಂದು ಹಾಜಿ ಫೋಟೋ ತೆಗೆಸಿದ. ಆಮೇಲೆ ಆ ಮುಖ ಇದೇ ರಸ್ತೆಯ ಎರಡು ಕಂಬಗಳ ನಡುವೆ, ಶಾಲೆಯ ಎದುರಿಗೇ, ಬ್ಯಾನರಾಗಿ ನೇತಾಡಿತು. ಕೆಳಗೆ ದಪ್ಪ ಅಕ್ಷರದಲ್ಲಿ ಹಾಜಿಯ ಹೆಸರು. ತರಗತಿಯ ಹುಡುಗಿಯರು ನಜಾತ್‌ಳನ್ನು 'ಕಂಬಳಿ' ಎಂದೇ ಕರೆಯತೊಡಗಿದರು. ಅವಳು ಶಾಲೆ ಬಿಟ್ಟಳು.

ಬ್ಯಾನರ್ ಇಳಿಸಿ ಎಂದು ಕೇಳಲು ಬದ್ರಿಯಾ ಅಂಗಡಿಗೆ ಹೋಗಿದ್ದಳು. "ಪುಕ್ಕಟೆ ಕಂಬಳಿ ಹೊದ್ಕೊಂಡು ಮಾನದ ಮಾತಾಡ್ತೀಯಲ್ಲ ತಾಯಿ," ಎಂದು ಹಾಜಿ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಬೆಂಕಿ. ಆ ಕಂಬಳಿಯನ್ನು ಹರಿದು ನೆಲ ಒರೆಸಿದರೂ ಅದು ಆರಲಿಲ್ಲ.

ದಿನವೂ ಗಾಜು ಏರಿಸಿಕೊಂಡೇ ದಾಟಿಹೋಗುತ್ತಿದ್ದ ಹಾಜಿಯ ಬಿಳಿ ಕಾರು ಇವತ್ತು ಬ್ಯಾನರಿನ ಬುಡದಲ್ಲೇ ಸಿಕ್ಕಿಬಿತ್ತು. ಬಾಂಗ್ ಕೇಳಿಸಿತು, ಗಾಜು ಇಳಿಯಿತು. ಉಂಗುರ ತೊಟ್ಟ ಕೈ ಹೊರಬಂತು. ಬದ್ರಿಯಾ ಅದರಲ್ಲಿ ಒಂದು ಖರ್ಜೂರವಿಟ್ಟಳು.

"ದೇವರು ಒಳ್ಳೇದು ಮಾಡ್ಲಿ," ಎಂದು ಗೊಣಗಿ ಹಾಜಿ ಅದನ್ನು ಬಾಯಿಗೊಯ್ದ.

"ತಡೀರಿ ಹಾಜಿಯವ್ರೇ. ಮುಖ ಎತ್ತಿ. ಖರ್ಜೂರ ಕಾಣೋ ಹಾಗೆ ಹಿಡೀರಿ. ಸ್ವಲ್ಪ ನಗಿ."

ಪಕ್ಕದಲ್ಲೇ ನಜಾತ್ ಮೊಬೈಲ್ ಹಿಡಿದು ನಿಂತಿದ್ದಳು. "ಚೆನ್ನಾಗಿ ಬಂದಿದೆ ಅಮ್ಮಾ. ಹಸಿದ ಮುಖ ಎದ್ದು ಕಾಣ್ತಿದೆ."

"ಏಯ್, ಅಳಿಸು ಅದನ್ನ!"

"ಪುಕ್ಕಟೆ ಖರ್ಜೂರ ಇಸ್ಕೊಂಡು ಮಾನದ ಮಾತಾಡ್ತೀರಲ್ಲ," ಎಂದಳು ಬದ್ರಿಯಾ. "ನಾವು ಬಡವರು, ದೊಡ್ಡ ಬ್ಯಾನರೆಲ್ಲ ಆಗಲ್ಲ. ನಿಮ್ಮಂಗಡಿ ಎದುರಿನ ಗೋಡೆಗೆ ಸಾಲೋವಷ್ಟು ಮಾಡಿಸ್ತೀವಿ."

ಬಾಯಲ್ಲಿ ಖರ್ಜೂರವಿದ್ದ ಅಕ್ಕಪಕ್ಕದ ಕಾರಿನವರು ಕಿಸಕ್ಕನೆ ನಕ್ಕರು.

"ನಾಳೆ ಆ ಬ್ಯಾನರ್ ಇಳಿಸ್ತೀನಿ. ಆಳು ಕಳಿಸ್ತೀನಿ," ಎಂದ ಹಾಜಿ.

"ಆಳು ಬೇಡ. ನೀವೇ. ಈಗ್ಲೇ."

ಹಾಜಿ ಕಾರಿಳಿದ. ಖರ್ಜೂರವನ್ನು ಕಾರಿನ ಮೇಲಿಟ್ಟು, ಇಸ್ತ್ರಿ ಮಾಡಿದ ನಿಲುವಂಗಿ ಎತ್ತಿಕಟ್ಟಿ, ಕಂಬದ ಕಟ್ಟೆ ಹತ್ತಿ ಹಗ್ಗದ ಗಂಟನ್ನು ಹಲ್ಲಿನಿಂದ ಬಿಚ್ಚಿದ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಎರಡನೆಯ ಕಂಬವನ್ನೂ ಅವನೇ ಹತ್ತಬೇಕಾಯಿತು. ನಜಾತ್ ಕೆಳಗೆ ಬಿದ್ದ ತನ್ನ ಮುಖವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

"ಈಗ ಅಳಿಸು," ಎಂದ ಹಾಜಿ ಏದುಸಿರು ಬಿಡುತ್ತ.

"ಅಳಿಸ್ಲಾ ಅಮ್ಮಾ?"

ಬದ್ರಿಯಾ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹಿಂದಿನ ಕಾರಿನ ಕಡೆ ನಡೆದಳು.

"ಕೈ ಚಾಚಿ, ಕೈ ಚಾಚಿ..."