ಷಡ್ಡಕ ಬಳಿದ ಬಣ್ಣ

ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಂದೇ ಊರಿನಲ್ಲಿ ಇರುವುದೇ ಕಷ್ಟ. ಅಂಥಾದ್ದರಲ್ಲಿ ಒಂದೇ ಗ್ಯಾರೇಜಿನಲ್ಲಿ, ಒಂದೇ ಕಾರಿನ ಮೈಮೇಲೆ ಸರದಿಯಂತೆ ಕೈಯಾಡಿಸಿ, ಮಧ್ಯಾಹ್ನ ಇಬ್ಬರೂ ಅದೇ ಮಾವನ ಎದುರು ಕೂತು ಉಣ್ಣಬೇಕು ಎಂದರೆ ಏನು ಹೇಳುವುದು!

ಹಿರಿಯಳಿಯ ತಗಡಿನ ಕೆಲಸದವನು. ಗುದ್ದಿಸಿಕೊಂಡ, ತುಕ್ಕು ತಿಂದ ಕಾರಿನ ಮೈಯನ್ನು ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವವನು. ಎಲ್ಲರೂ ಅವನನ್ನು ಟಿಂಕರ್ ಎಂದೇ ಕರೆಯುತ್ತಿದ್ದರು, ಸಿಟ್ಟು ಬಂದಾಗ ಹೆಂಡತಿ ಕೂಡ. ಕಿರಿಯಳಿಯ ಪೇಂಟರ್. ಟಿಂಕರ್ ಸರಿಮಾಡಿಕೊಟ್ಟ ತಗಡಿಗೆ ಬಣ್ಣ ಹೊಡೆಯುವವನು. ಗ್ಯಾರೇಜು ಮಾವನದು. ಶ್ರೀಮಂತರು ತಮ್ಮ ತಾತಂದಿರ ಕಾಲದ ಕಾರುಗಳನ್ನು ಅಲ್ಲಿ ತಂದಿಟ್ಟಿದ್ದರು. ಆಗಾಗ ಬಂದು, ಹಸುವಿನ ಮೈ ಸವರಿದಂತೆ ಸವರಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಟಿಂಕರನ ಸಂಕಟ ಒಂದೇ. ತಗಡಿನ ಕೆಲಸ ಕಂಡರೆ ಅದು ಕೆಟ್ಟ ಕೆಲಸ, ಕಾಣದಿದ್ದರೆ ಒಳ್ಳೆಯ ಕೆಲಸ. ಕಾಣದ ಕೆಲಸವನ್ನು ಹೊಗಳುವವರು ಯಾರು? ಕಾರಿನ ಯಜಮಾನರು ಬಂದವರೇ ಬಾಗಿಲಿನ ಹೊಳಪಿನಲ್ಲಿ ಮೀಸೆ ತೀಡಿಕೊಂಡು, "ಏನ್ರೀ ಪೇಂಟರ್, ಕನ್ನಡಿ ಮಾಡಿಬಿಟ್ಟಿದ್ದೀರಲ್ಲ!" ಎನ್ನುತ್ತಿದ್ದರು. ಆ ಕನ್ನಡಿ ಅಂಕುಡೊಂಕಾಗದೆ ನೆಟ್ಟಗೆ ಇದೆಯಲ್ಲ, ಅದು ಯಾರ ಪುಣ್ಯ ಎಂದು ಕೇಳಿದವನು ಒಬ್ಬನಿಲ್ಲ. ದುಡಿಯುವುದು ಒಬ್ಬ, ಹೆಸರು ಇನ್ನೊಬ್ಬನಿಗೆ. ಅದೂ ಎಂಥವನಿಗೆ? ಒಂದು ಬಾಗಿಲಿಗೆ ಇಡೀ ವಾರ ತಿನ್ನುವವನಿಗೆ. ಎಲ್ಲರೂ ಕೈ ತೊಳೆದು ಹೊರಟ ಮೇಲೂ ಅವನು ಉಜ್ಜುತ್ತಲೇ ಇರುತ್ತಿದ್ದ. ಮಾವನ ಕಣ್ಣಿಗೆ ಬೀಳುವುದಕ್ಕೆ ಆಡುವ ಆಟ ಅದು ಎಂದು ಟಿಂಕರ್ ಹೆಂಡತಿಗೆ ನೂರು ಸಲ ಹೇಳಿದ್ದ.

"ನಿಮ್ಗೆ ಯಾರಾದ್ರೂ ಬೇಡ ಅಂದ್ರಾ? ನೀವೂ ಉಜ್ಜಿ" ಎಂದು ಅವಳು ಅಷ್ಟಕ್ಕೇ ಮುಗಿಸಿಬಿಡುತ್ತಿದ್ದಳು. ತಂಗಿಯ ಗಂಡ ಎಂದರೆ ಅವಳಿಗೂ ಒಂದು ಕೈ ಹೆಚ್ಚೇ.

ಆ ದಿನ ಬೆಳಿಗ್ಗೆ ನೀಲಿ ಕಾರಿನ ಒಡತಿ ಬಂದಿದ್ದಳು. ಹಲ್ಲಿನ ಡಾಕ್ಟರು. ಕಾರು ಅವಳ ಅಪ್ಪನದು, ಎಷ್ಟೋ ವರ್ಷ ಗುಜರಿಯಂತೆ ಬಿದ್ದಿತ್ತು. ಅದರ ಎಡಗಡೆಯ ಮಡ್‌ಗಾರ್ಡು ಹಪ್ಪಳದಂತೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ಟಿಂಕರ್ ಹೊಸ ತಗಡು ಕತ್ತರಿಸಿ, ಬೆಸೆದು, ಒಂದು ತಿಂಗಳು ಬಡಿದು ಅದನ್ನು ಎಬ್ಬಿಸಿ ನಿಲ್ಲಿಸಿದ್ದ. ಡಾಕ್ಟರಮ್ಮ ಕಾರು ನೋಡಿ ಅತ್ತೇಬಿಟ್ಟಳು. ಕಣ್ಣೊರೆಸಿಕೊಂಡು ಪೇಂಟರನ ಎರಡೂ ಕೈ ಹಿಡಿದುಕೊಂಡಳು. ಅವನು "ನಮ್ಮಣ್ಣಂದೇ ಅಮ್ಮ ಕೆಲಸ, ನಾನು ಬರೀ ಮೇಲಿಂದ ಬಣ್ಣ ಬಳ್ದೆ" ಎಂದ. ಅವಳಿಗೆ ಅದು ವಿನಯದಂತೆ ಕಂಡು ಇನ್ನಷ್ಟು ಕರಗಿದಳು. ಆಮೇಲೆ ತಿರುಗಿ, ಟಿಂಕರನ ಕೈಗೆ ಫೋನು ಕೊಟ್ಟು, "ಒಂದು ಫೋಟೋ ತೆಗೀತೀರಾ? ನಾನು, ಇವರು, ಕಾರು, ಮೂರೂ ಬರಬೇಕು" ಎಂದಳು.

ಟಿಂಕರ್ ಫೋಟೋ ತೆಗೆದ. ಒಂದಲ್ಲ, ನಾಲ್ಕು ತೆಗೆದ. "ಸ್ವಲ್ಪ ನಗಿ" ಎಂದೂ ಹೇಳಿದ.

ಅವಳು ಹೋದ ಮೇಲೆ ಮಾವ ಕೋಲೂರಿಕೊಂಡು ಬಂದು ಹೇಳಿದರು: "ಇವತ್ತು ಊಟಕ್ಕೆ ಇಬ್ರೂ ಬೇಗ ಬನ್ನಿ. ಒಂದು ಮಾತಾಡೋದಿದೆ." ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಮಾವನ ಮೊಣಕಾಲು ಕೈಕೊಟ್ಟಿತ್ತು. ಗ್ಯಾರೇಜಿನ ಯಜಮಾನಿಕೆಯನ್ನು ಇಬ್ಬರಲ್ಲಿ ಒಬ್ಬನಿಗೆ ಒಪ್ಪಿಸಿ ಮನೆಯಲ್ಲಿ ಕೂರುತ್ತೇನೆ ಎಂದು ಅವರು ಹೇಳುತ್ತಲೇ ಇದ್ದರು. ಟಿಂಕರನಿಗೆ ಬೇಕಿದ್ದದ್ದು ಅದೊಂದೇ. ಬಣ್ಣದ ಹೊಗಳಿಕೆ ಬಣ್ಣದವನೇ ಇಟ್ಟುಕೊಳ್ಳಲಿ, ಯಜಮಾನ ಎಂದು ಕರೆಸಿಕೊಳ್ಳುವುದಾದರೂ ತನಗೆ ಸಿಗಲಿ ಎಂದು ಅವನು ಕಾದಿದ್ದ. ಈಗ ಡಾಕ್ಟರಮ್ಮನ ಕಣ್ಣೀರು ನೋಡಿದ ಮಾವ ಯಾರ ಹೆಸರು ಹೇಳುತ್ತಾರೆ ಎಂಬುದಕ್ಕೆ ಶಾಸ್ತ್ರ ಕೇಳಬೇಕಿರಲಿಲ್ಲ.

"ನಂಗೆ ಹಸಿವಿಲ್ಲ. ನೀವು ಹೋಗಿ" ಎಂದ.

"ಅಣ್ಣ, ನೀವಿಲ್ದೆ ಹೆಂಗೆ?" ಎಂದ ಪೇಂಟರ್.

"ಹಸಿವಿಲ್ಲ ಅಂದ್ನಲ್ಲ!"

ಎಲ್ಲರೂ ರಸ್ತೆಯಾಚೆಯ ಮನೆಗೆ ಹೋದರು. ಟಿಂಕರ್ ಅಂಗಳದ ನಲ್ಲಿಯ ಹತ್ತಿರ ಕೂತು, ಅಲ್ಲಿ ಈಗ ಏನು ನಡೆಯುತ್ತಿರಬಹುದು ಎಂದು ಒಂದೊಂದಾಗಿ ಕಲ್ಪಿಸಿಕೊಂಡು ಹೊಟ್ಟೆ ಉರಿಸಿಕೊಂಡ. ಮಾವ ಬಾಯಿ ಒರೆಸಿಕೊಂಡಿರುತ್ತಾರೆ. ಅತ್ತೆ ಕಿರಿಯಳಿಯನಿಗೆ ಇನ್ನೊಂದು ಸೌಟು ಬಡಿಸಿರುತ್ತಾರೆ. ಅವನು ಬೇಡ ಬೇಡ ಎನ್ನುತ್ತಾ ಹಾಕಿಸಿಕೊಂಡಿರುತ್ತಾನೆ. ಯಜಮಾನಿಕೆಯನ್ನೂ ಹಾಗೇ ಬೇಡ ಬೇಡ ಎನ್ನುತ್ತಲೇ ಹಾಕಿಸಿಕೊಳ್ಳುತ್ತಾನೆ.

ಸುಟ್ಟ ವಾಸನೆ ಬಂದಾಗ ಅವನು ಅದು ತನ್ನದೇ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಆದರೆ ಹೊಗೆ ಪಕ್ಕದ ಬಡಗಿಯ ಅಂಗಡಿಯಿಂದ ಬರುತ್ತಿತ್ತು. ಗ್ಯಾರೇಜಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಬಡಗಿ ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ. ಒಳಗೆ ಮರದ ಹೊಟ್ಟು ಆಳುದ್ದ ಬಿದ್ದಿತ್ತು. ನೋಡನೋಡುತ್ತಿದ್ದಂತೆ ಗೋಡೆಯ ಮೇಲಿನ ಗವಾಕ್ಷಿಯಿಂದ ಬೆಂಕಿ ಈ ಕಡೆಗೆ ಇಣುಕಿತು.

ಮಾವನ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ನಿಂತ ಕಾರಿಗೆ ಯಾರೂ ಹ್ಯಾಂಡ್‌ಬ್ರೇಕ್ ಎಳೆಯಬಾರದು. ತಿಂಗಳುಗಟ್ಟಲೆ ನಿಂತರೆ ಬ್ರೇಕು ಕಚ್ಚಿಕೊಂಡುಬಿಡುತ್ತದೆ ಎಂದು ಚಕ್ರಕ್ಕೆ ಮರದ ತುಂಡು ಕೊಟ್ಟಿರುತ್ತಿದ್ದರು. ಎಲ್ಲ ಕಾರುಗಳ ಮೂತಿಯೂ ಅಂಗಳದ ಕಡೆಗೆ, ನೆಲವೂ ಆ ಕಡೆಗೇ ಇಳಿಜಾರು. ತುಂಡು ಒದ್ದು ಹಿಂದಿನಿಂದ ನೂಕಿದರೆ ಒಬ್ಬನೇ ಆಳು ಸಾಕು.

ಟಿಂಕರ್ "ಬೆಂಕಿ! ಬೆಂಕಿ!" ಎಂದು ಕೂಗುತ್ತಾ ಒಳಗೆ ಓಡಿದ. ಐದು ಕಾರು. ಬೆಂಕಿಯ ಗೋಡೆಗೆ ಅಂಟಿಕೊಂಡಂತೆ ನಿಂತದ್ದು ನೀಲಿ ಕಾರು. ಬುದ್ಧಿ ಇದ್ದವನು ಯಾವುದನ್ನು ಮೊದಲು ನೂಕಬೇಕು? ಮಗುವನ್ನು ಕೇಳಿದರೂ ಹೇಳುತ್ತದೆ. ಟಿಂಕರ್ ನೀಲಿ ಕಾರಿನ ಹಿಂದೆ ಹೋಗಿ ನಿಂತ. ಕಾಲೆತ್ತಿ ತುಂಡಿನ ಮೇಲೆ ಇಟ್ಟೂ ಇಟ್ಟ. ಅದರ ಬೆನ್ನಿನ ಹೊಳಪಿನಲ್ಲಿ ಅವನ ಮುಖ ಕಾಣಿಸಿತು. ಎಷ್ಟು ಸ್ಪಷ್ಟವಾಗಿ ಎಂದರೆ ಕೆನ್ನೆಯ ಮೇಲಿನ ಗ್ರೀಸಿನ ಗೀರು ಕೂಡ ಕಂಡಿತು. ಅಬ್ಬಾ, ಏನು ಬಣ್ಣ! ಅವನು ಕಾಲು ತೆಗೆದು, ಆ ತುದಿಯಲ್ಲಿದ್ದ ಬಿಳಿ ಕಾರಿನ ಕಡೆಗೆ ಓಡಿದ. ಬಾಗಿಲ ಹತ್ತಿರ ಜಾಗ ಆಗಲಿ, ಆಮೇಲೆ ಇದನ್ನು ನೂಕಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಜಾಗ ಬೇಕಾದಷ್ಟಿತ್ತು.

ಬಿಳಿಯದು ಹೊರಗೆ ಹೋಯಿತು. ಕೆಂಪು ಹೋಯಿತು. ಕಪ್ಪನೆಯ ಉದ್ದನೆಯದು, ಆಮೇಲೆ ಹಸಿರು. ಇಷ್ಟು ಹೊತ್ತಿಗೆ ಗವಾಕ್ಷಿಯ ಚೌಕಟ್ಟು ಉರಿದು ನೀಲಿ ಕಾರಿನ ಪಕ್ಕಕ್ಕೇ ಬಿದ್ದಿತ್ತು. ಮನೆಯವರೆಲ್ಲ ಎಂಜಲು ಕೈಯಲ್ಲೇ ಓಡಿಬಂದರು. ಪೇಂಟರ್ ಒಂದು ಗೋಣಿಚೀಲವನ್ನು ನೀರಿಗೆ ಅದ್ದಿ ತಲೆಯ ಮೇಲೆ ಹೊದ್ದುಕೊಂಡು ಒಳಗೆ ನುಗ್ಗಿದ. ಅವನ ಹೆಂಡತಿ ಕಿರುಚಿಕೊಂಡಳು. ಕಾರು ಸುಡಲಿ ಎಂದುಕೊಂಡಿದ್ದನೇ ಹೊರತು ಮನುಷ್ಯ ಸುಡಲಿ ಎಂದು ಟಿಂಕರ್ ಅಂದುಕೊಂಡಿರಲಿಲ್ಲ. ಅವನೂ ಹಿಂದೆಯೇ ನುಗ್ಗಿ ಹೆಗಲು ಕೊಟ್ಟ. ಇಬ್ಬರೂ ಕೆಮ್ಮುತ್ತಾ ನೀಲಿ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ಗಂಟೆ ಬಾರಿಸುತ್ತಾ ಬೆಂಕಿ ಆರಿಸುವ ಗಾಡಿಯೂ ಬಂತು. ಬಡಗಿಯ ಅಂಗಡಿ ಬೂದಿಯಾಯಿತು. ಗ್ಯಾರೇಜಿಗೆ ಒಂದು ಗೋಡೆ ಕಪ್ಪಾದದ್ದು ಬಿಟ್ಟರೆ ಏನೂ ಆಗಲಿಲ್ಲ.

ಮಾವ ಉಸಿರು ಬಿಟ್ಟು ಕೇಳಿದರು: "ಅಲ್ಲಯ್ಯಾ, ಗೋಡೆ ಪಕ್ಕದ್ದನ್ನ ಬಿಟ್ಟು ಆ ತುದೀದು ಯಾಕೆ ಮೊದಲು ತೆಗೆದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟಿಂಕರ್ ನಿಜವಾಗಿಯೂ ಹೆಗಲು ಒರೆಸಿಕೊಂಡ. ಉತ್ತರ ಕೊಟ್ಟವನು ಪೇಂಟರ್. "ಹೊಗೇಲಿ ಏನು ಕಾಣುತ್ತೆ ಮಾವ? ಕೈಗೆ ಸಿಕ್ಕಿದ್ದು ನೂಕಿದ್ದಾರೆ. ಒಬ್ರೇ ನಾಲ್ಕು ತೆಗೆದಿದ್ದಾರಲ್ಲ, ಅದು ನೋಡಿ."

ಇವನ ದೊಡ್ಡತನ ಯಾರಿಗೆ ಬೇಕಿತ್ತು ಎಂದು ಟಿಂಕರ್ ಹಲ್ಲು ಕಡಿದ. ಆದರೆ ಒಳಗೊಳಗೆ ತಣ್ಣಗಾಯಿತು. ನೀಲಿ ಕಾರಿನ ಎಡಗಡೆಯ ಬಣ್ಣವೆಲ್ಲ ಬೊಬ್ಬೆ ಎದ್ದಿತ್ತು. ಡಾಕ್ಟರಮ್ಮ ಈಗ ಬಂದು ಫೋಟೋ ತೆಗೆಸಿಕೊಳ್ಳಲಿ! ಬಣ್ಣ ಹೋದರೇನು, ಕೆಳಗೆ ತನ್ನ ತಗಡು ಇದೆ. ಈಗಲಾದರೂ ಎಲ್ಲರೂ ಕಣ್ಣಾರೆ ನೋಡಲಿ. ಇಷ್ಟು ವರ್ಷ ಯಾರ ಬೆನ್ನ ಮೇಲೆ ಕೂತು ಇವನು ಮೆರೆದ ಎಂದು ತಿಳಿಯಲಿ.

ಇನ್ನೂ ಹೊಗೆಯಾಡುತ್ತಿದ್ದ ಆ ಪಕ್ಕಕ್ಕೆ ಅತ್ತೆ ಒಂದು ಬಕೆಟ್ ನೀರು ಎರಚಿದರು. ಚಟಚಟ ಎಂದು ಮಡ್‌ಗಾರ್ಡಿನ ಮೈ ಬಿರುಕು ಬಿಟ್ಟು, ಒಂದು ದೊಡ್ಡ ಚಕ್ಕೆ ಕಳಚಿ ನೆಲಕ್ಕೆ ಬಿತ್ತು. ಟಿಂಕರ್ ಅದನ್ನು ಎತ್ತಿಕೊಂಡ. ಬಣ್ಣ ಕಾಗದದಷ್ಟು ತೆಳ್ಳಗಿತ್ತು. ಅದರ ಹಿಂದೆ ಇದ್ದದ್ದು ಪುಟ್ಟಿ, ಬಣ್ಣಕ್ಕೆ ಮುಂಚೆ ಸಣ್ಣಪುಟ್ಟ ತಗ್ಗು ಮುಚ್ಚಲು ಮೆತ್ತುವ ಲೇಪ. ಅದು ಸಣ್ಣಪುಟ್ಟದ್ದಾಗಿರಲಿಲ್ಲ. ಹೆಬ್ಬೆರಳಿನ ದಪ್ಪ ಇತ್ತು.

ಅವನು ಮಡ್‌ಗಾರ್ಡಿನ ಕಡೆ ನೋಡಿದ. ಬೆತ್ತಲೆ ತಗಡು ಬಿಸಿಲಿಗೆ ಬಿದ್ದಿತ್ತು. ಅಲ್ಲಿ ತಗ್ಗು, ಇಲ್ಲಿ ಉಬ್ಬು. ಸುತ್ತಿಗೆಯ ಒಂದೊಂದು ಪೆಟ್ಟೂ ತಾನು ಎಲ್ಲಿ ತಪ್ಪಿದೆ ಎಂದು ಹೇಳುತ್ತಿತ್ತು. ಆ ಪೆಟ್ಟುಗಳು ಅವನವೇ. ತನ್ನ ಕೈಬರಹ ತನಗೆ ಗೊತ್ತಾಗದೆ ಇರುತ್ತದೆಯೇ? ಈ ತಗಡನ್ನು ಒಪ್ಪಿಸುವಾಗ "ಕೈಯಾಡಿಸಿ ನೋಡು" ಎಂದು ಜಂಬದಿಂದ ಹೇಳಿದ್ದ. ಪೇಂಟರ್ ನಿಧಾನವಾಗಿ ಕೈಯಾಡಿಸಿ, "ಬೆಣ್ಣೆ ಅಣ್ಣ, ಬೆಣ್ಣೆ" ಎಂದಿದ್ದ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಟಿಂಕರನಿಗೆ ಈಗ ಅದು ಊರೆದುರಿಗೆ ಕಾಣಿಸುತ್ತಿತ್ತು. ವಾರಗಟ್ಟಲೆ, ಎಲ್ಲರೂ ಹೋದ ಮೇಲೆ, ಆ ಮನುಷ್ಯ ಉಜ್ಜುತ್ತಿದ್ದದ್ದು ಏನನ್ನು ಎಂದು ಅರ್ಥವಾಯಿತು.

ಮಾವನೂ ಬಗ್ಗಿದರು. ಮೊಣಕಾಲು ಹೋಗಿದ್ದರೂ ಅವರ ಕಣ್ಣು ಹೋಗಿರಲಿಲ್ಲ. "ಇದೇನಿದು? ತಗಡು ಹಿಂಗೆ ಅಲೆ ಅಲೆಯಾಗಿದೆ?"

"ಬಿಸಿಗೆ ಮಾವ," ಎಂದ ಪೇಂಟರ್ ತಟ್ಟನೆ. "ಅಷ್ಟು ಶಾಖಕ್ಕೆ ತಗಡು ಸೊಟ್ಟಗಾಗ್ದೆ ಇರುತ್ತಾ? ಅಣ್ಣ ಕೊಟ್ಟಾಗ ನೆಟ್ಟಗಿತ್ತು."

"ಮತ್ತೆ ಈ ಪುಟ್ಟಿ? ಗೋಡೆಗೆ ಮೆತ್ತೋ ಹಾಗೆ ಮೆತ್ತಿದೆಯಲ್ಲ!"

"ಅದು ನನ್ನ ತಪ್ಪು. ಸೋಮಾರಿತನ. ಬೇಗ ಮುಗೀಲಿ ಅಂತ ದಪ್ಪ ಬಳ್ದುಬಿಟ್ಟೆ."

ಸೋಮಾರಿತನವಂತೆ! ಮಾವನ ಮುಖ ಕೆಂಪಗಾಯಿತು. ಹೊರಗಿನವರ ಎದುರಿಗೇ ಕಿರಿಯಳಿಯನಿಗೆ ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಬೈದು ಸಾಕಾದ ಮೇಲೆ ಮಾವ ಟಿಂಕರನ ಭುಜದ ಮೇಲೆ ಕೈ ಇಟ್ಟರು. "ಊಟದ ಹೊತ್ತಿಗೆ ಹೇಳೋಣ ಅಂತಿದ್ದೆ. ಮನಸ್ಸಲ್ಲಿ ಬೇರೆ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ಅನುಮಾನ ಇಲ್ಲ. ಇನ್ಮೇಲೆ ಗ್ಯಾರೇಜು ನೀನೇ ನೋಡ್ಕೋ."

ಟಿಂಕರನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳು ಅವನನ್ನು ನೋಡಿ ಹಾಗೆ ನಕ್ಕದ್ದು. ಅವನಿಗೆ ಅತ್ತ ನೋಡಲು ಆಗಲಿಲ್ಲ. ಪೇಂಟರನ ಹತ್ತಿರಕ್ಕೆ ಸರಿದು, ಬೇರೆಯವರಿಗೆ ಕೇಳಿಸದಂತೆ ಕೇಳಿದ: "ಇದೊಂದಕ್ಕೇನಾ ಹಿಂಗೆ ಮೆತ್ತಿದ್ದು?"

ಪೇಂಟರನ ಕಣ್ಣು ಒಂದು ಗಳಿಗೆ, ಅವನಿಗೇ ತಿಳಿಯದಂತೆ, ಅಂಗಳದಲ್ಲಿ ಸಾಲಾಗಿ ನಿಂತಿದ್ದ ಕಾರುಗಳ ಕಡೆಗೆ ಹೋಯಿತು. ಬಿಳಿಯದರ ಬಾಗಿಲ ಮೇಲೆ ನಿಂತಿತು. ಕೆಂಪಿನ ಬಾನೆಟ್ಟಿಗೆ ಸರಿಯಿತು. ಕಪ್ಪನ್ನು ದಾಟಿ ಹಸಿರಿಗೆ ಹೋಯಿತು. ನಾಲ್ಕೂ ಬಿಸಿಲಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದವು.

"ಏನಯ್ಯಾ, ಒಪ್ಪಿಗೆ ತಾನೇ?" ಎಂದರು ಮಾವ.

ಪೇಂಟರ್ ಅವನ ಮೊಣಕೈಯನ್ನು ಮೆತ್ತಗೆ ತಿವಿದ. "ಹೂಂ ಅನ್ನಿ ಅಣ್ಣ" ಎಂದು ಪಿಸುಗುಟ್ಟಿದ.

"ಹೂಂ" ಎಂದ ಟಿಂಕರ್.

ನಾಚಿಕೆ, ಋಣ, ಪಶ್ಚಾತ್ತಾಪ ಎಲ್ಲವೂ ಆಮೇಲೆ ಒಂದೊಂದಾಗಿ ಬಂದವು, ಬಂದು ಬಹಳ ದಿನ ಉಳಿದವು. ಆದರೆ ಆ ಕ್ಷಣಕ್ಕೆ ಅವನೊಳಗೆ ಎದ್ದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಇಷ್ಟು ವರ್ಷ, ಇಷ್ಟು ದೊಡ್ಡದೊಂದನ್ನು ಯಾರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡು, ದಿನವೂ ತನ್ನ ಪಕ್ಕದಲ್ಲೇ ಕೂತು ಉಂಡಿದ್ದಾನಲ್ಲ ಇವನು! ಅಂಥ ಹೊಟ್ಟೆ ತನಗೆ ಯಾಕೆ ಇಲ್ಲ ಎಂದು ಅವನಿಗೆ ಸಹಿಸಲಾಗಲಿಲ್ಲ.